ಸುಮ್ಮನಾಗಿದ್ದೆ ಎಂಬ ಸುಳ್ಳು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ನೌಕರಿ ಮುಗಿಯಲಿ ಅಂದುಕೊಂಡೆ, ಮುಗಿಯಿತು. ಮಗನ ಮದುವೆ ಆಗಲಿ ಅಂದೆ, ಆಯಿತು. ಮೊಣಕಾಲಿನ ಆಪರೇಷನ್ ಆಗಲಿ ಅಂದೆ, ಅದೂ ಆಯಿತು. ಇನ್ನು ನೆಪ ಉಳಿದಿಲ್ಲ. ಬರೆಯುತ್ತೇನೆ ಎಂದಾಗ ಮಗ ಹೌಹಾರಿದ. "ಅಪ್ಪಾ, ವೈ ನೌ? ಸಂಘದ ಅಂಕಲ್ಸ್ ಎಲ್ಲಾ ಓದ್ತಾರೆ, ಯೂ ನೋ."

ಓದಲಿ. ಅವರು ಓದಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನಾಗಿತ್ತು ಎಂದು ಲಂಡನ್ನಿನ ಹ್ಯಾರೋದ ನಮ್ಮ ಕನ್ನಡದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. "ರೈಲ್ವೇದಾಗ ಇದ್ದಾರ" ಎಂದರೆ ಸಾಕು, ಟ್ಯೂಬಿನಲ್ಲಿ, ನೆಲದಡಿಯ ರೈಲಿನಲ್ಲಿ, ಇರಬೇಕು ಎಂದುಕೊಂಡು ಡಾಕ್ಟರುಗಳ ಕಡೆ ತಿರುಗಿ ಮಾತಾಡುತ್ತಿದ್ದರು. ನಾನು ಇದ್ದದ್ದು ಸೌತ್‌ಹಾಲ್‌ನ ಆಚೆಗಿನ ಒಂದು ಗೂಡ್ಸ್ ಯಾರ್ಡಿನಲ್ಲಿ. ಪಶ್ಚಿಮದ ಕ್ವಾರಿಗಳಿಂದ ಜಲ್ಲಿ ತುಂಬಿದ ಉದ್ದುದ್ದ ಗಾಡಿಗಳು ಅಲ್ಲಿಗೆ ಬರುತ್ತಿದ್ದವು. ವೆಂಬ್ಲಿಯಲ್ಲಿ ಸ್ಟೇಡಿಯಮ್ಮಿನ ಸುತ್ತ ಎದ್ದಿರುವ ಫ್ಲ್ಯಾಟುಗಳಲ್ಲಿ ಎಷ್ಟೋ ಜನ ನಮ್ಮವರೇ ಇದ್ದಾರೆ. ಅವರ ಗೋಡೆಯೊಳಗಿನ ಕಲ್ಲಿಗೆ ಬಾ ಎಂದು ಕರೆದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕರೆಯುವುದು ಎಂದರೆ ನಿಜವಾಗಿಯೂ ಕರೆಯುವುದೇ. ಗಾಡಿಯನ್ನು ಹಿಂದಿನಿಂದ ಎಂಜಿನ್ ತಳ್ಳುವಾಗ ಡ್ರೈವರನಿಗೆ ಮುಂದೇನಿದೆ ಎಂದು ಕಾಣುವುದಿಲ್ಲ. ಮುಂದಿನ ತುದಿಯಲ್ಲಿ ನನ್ನಂಥವನೊಬ್ಬ ವಾಕಿಟಾಕಿ ಹಿಡಿದು ನಡೆಯುತ್ತ, "ಕಮ್ ಆನ್, ಕಮ್ ಆನ್" ಎಂದು ಬಿಡದೆ ಹೇಳುತ್ತಿರಬೇಕು. ದನಿ ಕೇಳುತ್ತಿದ್ದರೆ ಡ್ರೈವರ್ ತಳ್ಳುತ್ತಾನೆ. ದನಿ ನಿಂತರೆ, ಯಾಕೆ ನಿಂತಿತು ಎಂದು ಕೇಳದೆ ಬ್ರೇಕ್ ಹಾಕುತ್ತಾನೆ. ಮಾತಾಡುವವನು ಬಿದ್ದಿರಬಹುದು, ವಾಕಿಟಾಕಿ ಕೆಟ್ಟಿರಬಹುದು. ಏನಾದರೂ ಆಗಿರಲಿ, ಮೌನ ಎಂದರೆ ನಿಲ್ಲು ಎಂದರ್ಥ. ಇಡೀ ಯಾರ್ಡು ಈ ಒಂದು ನಿಯಮದ ಮೇಲೆ ನಿಂತಿತ್ತು.

ನಾನು ಕರೆದಾಗ ತಳ್ಳುತ್ತಿದ್ದ ಡ್ರೈವರುಗಳಲ್ಲಿ ಒಬ್ಬ ಐರಿಶ್ ಮನುಷ್ಯ. ನನಗಿಂತ ಸ್ವಲ್ಪ ಚಿಕ್ಕವನು, ಕೆಂಪು ಮುಖ, ಬಾಯಿ ತೆರೆದರೆ ಚೇಷ್ಟೆ. ನಾನು ಹುಬ್ಬಳ್ಳಿಯವನು, ಹಳಿಯ ಪಕ್ಕ ಬೆಳೆದವನು ಎಂದು ತಿಳಿದದ್ದೇ ತಡ, ಒಂದು ಶನಿವಾರ ವೆಂಬ್ಲಿಯ ಹತ್ತಿರದ ಒಂದು ಚರ್ಚಿನ ಹಿಂದಿನ ಹಾಲಿಗೆ ನನ್ನನ್ನು ಕರೆದೊಯ್ದ. ಅಲ್ಲಿ ಆಟದ ರೈಲು ಕಟ್ಟುವ ಕ್ಲಬ್ಬಿನ ಹತ್ತಾರು ಐರಿಶ್ ಗಂಡಸರು ಸೇರಿದ್ದರು. ಅವರ ನಡುವೆ ಉದ್ದನೆಯ ಹಲಗೆಗಳ ಮೇಲೆ ಐರ್ಲೆಂಡಿನ ಒಂದು ಸಣ್ಣ ಸ್ಟೇಶನ್ನಿನ ಮಾದರಿ ಮೊಣಕೈಯೆತ್ತರದಲ್ಲಿ ಹರಡಿಕೊಂಡಿತ್ತು. ಅದರೊಳಗೆ ಸುಗ್ಗಿಯ ಕಾಲ. ಸಕ್ಕರೆ ಕಾರ್ಖಾನೆಗೆ ಬೀಟ್ ಗೆಡ್ಡೆ ತುಂಬಿಕೊಂಡು ಹೋಗುವ, ಅಂಗೈಯಷ್ಟೂ ಉದ್ದವಿಲ್ಲದ ವ್ಯಾಗನ್ನುಗಳು ಸಾಲಾಗಿ ನಿಂತಿದ್ದವು. ಆ ಗಾಡಿಗಳು ಈಗ ಐರ್ಲೆಂಡಿನಲ್ಲಿ ಓಡುವುದಿಲ್ಲ. ಅವು ಓಡುವ ಜಾಗ ಇನ್ನು ಇಂಥ ಹಾಲುಗಳು ಮಾತ್ರ.

"ಪ್ಯಾಸೆಂಜರ್ ಗಾಡಿ ಇಲ್ಲವಾ?" ಎಂದು ಕೇಳಿದೆ.

"ಪ್ಯಾಸೆಂಜರ್ ಗಾಡಿ ಇಂಗ್ಲಿಷರಿಗೆ. ನಾವು ಗೂಡ್ಸಿನವರು," ಎಂದ ಡ್ರೈವರ್.

ಅಂದೇ ನಾನು ಅವರವನಾದೆ. ಐರ್ಲೆಂಡಿನ ಹಳಿ ಇಂಗ್ಲೆಂಡಿನದಕ್ಕಿಂತ ಅಗಲ. ಅಂಗಡಿಯಲ್ಲಿ ಸಿಗುವ ಆಟದ ಹಳಿ ಅದಕ್ಕೆ ಹೊಂದುವುದಿಲ್ಲವೆಂದು ಅವರು ಒಂದೊಂದೇ ಹಳಿಯನ್ನು ಕೈಯಿಂದ ಕೂರಿಸಿದ್ದರು. "ನಮ್ಮ ದೇಶದ ಹಳಿ ನಿಮ್ಮದಕ್ಕಿಂತಲೂ ಅಗಲ" ಎಂದು ನಾನು ಕೆಣಕಿದಾಗಲೆಲ್ಲ ಹಾಲಿನ ತುಂಬ ಗದ್ದಲ. ಬೀಟ್ ಗೆಡ್ಡೆ ಎಂದು ವ್ಯಾಗನ್ನಿಗೆ ಏನು ತುಂಬುವುದು ಎಂದು ತಲೆ ಕೆಡಿಸಿಕೊಂಡಾಗ ನನ್ನ ಹೆಂಡತಿ ಡಬ್ಬಿಯಿಂದ ಒಂದು ಹಿಡಿ ನವಣೆ ತೆಗೆದುಕೊಟ್ಟಳು. ಅಂಟು ಹಚ್ಚಿ, ಕಂದು ಪುಡಿ ಉದುರಿಸಿದರೆ ಥೇಟ್ ಗೆಡ್ಡೆ. ಡ್ರೈವರ್ ಅವಳ ಕೈ ಹಿಡಿದು ಕುಲುಕಿ, "ಮಿಸೆಸ್, ಕ್ಲಬ್ಬಿನಲ್ಲಿ ತಲೆ ಇರುವುದು ನಿನಗೊಬ್ಬಳಿಗೆ" ಎಂದ. ಆಮೇಲೆ ಅವಳೂ ಬರತೊಡಗಿದಳು. ಶೇಂಗಾ ಹೋಳಿಗೆ ತಂದರೆ ಗಾಡಿಗಳು ನಿಂತುಬಿಡುತ್ತಿದ್ದವು.

ಊರಿನಿಂದ ಬಂದ ಬೀಗರು ನನ್ನ ಕಪಾಟು ನೋಡಿ, "ಈ ವಯಸ್ಸಿನ್ಯಾಗ ಆಟಿಗಿ ಸಾಮಾನೇನ್ರೀ?" ಎಂದು ನಕ್ಕಿದ್ದಾರೆ. ಹೌದು, ಆಟಿಗೆ ಸಾಮಾನು. ನೀವು ಹೊಸ ಕಾರು ತೋರಿಸಲು ನನ್ನನ್ನು ಅಂಗಳಕ್ಕೆ ಕರೆಯುವಾಗ ನಾನು ನಕ್ಕಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಆ ಡ್ರೈವರ್ ಒಂದು ಹಳೆಯ ಐರಿಶ್ ಸಿಮೆಂಟ್ ವ್ಯಾಗನ್ನಿನ ಮಾದರಿ ಕಟ್ಟುತ್ತಿದ್ದ. ಅದರ ಗಾಲಿಗಳ ಚೌಕಟ್ಟು ಸರಿಯಾಗಿ ಬರದೆ ಒದ್ದಾಡುತ್ತಿದ್ದ. "ಅಂಥದ್ದು ಎಲ್ಲಾದರೂ ಕಂಡರೆ ಫೋಟೋ ತೆಗಿ" ಎಂದು ನನಗೆ ಹೇಳಿದ್ದ. ಅಂದು ಬೆಳಿಗ್ಗೆ ಅವನು ಜಲ್ಲಿ ಗಾಡಿ ತಳ್ಳುತ್ತಿದ್ದ, ನಾನು ಕರೆಯುತ್ತ ನಡೆಯುತ್ತಿದ್ದೆ. ಪಕ್ಕದ ಹಳಿಯ ಮೇಲೆ, ಗುಜರಿಗೆ ಹೋಗಲು ಕಾದಿದ್ದ ಒಂದು ತುಕ್ಕು ಹಿಡಿದ ವ್ಯಾಗನ್ ಕಂಡಿತು. ಅದರ ಕೆಳಗೆ ಅದೇ ಚೌಕಟ್ಟು! ನಾನು ನಿಂತೆ. ಬಗ್ಗಿದೆ. ಎಡಗೈಯಲ್ಲಿ ವಾಕಿಟಾಕಿ, ಬಲಗೈಯಲ್ಲಿ ಫೋನು. ಬಾಯಿ ಮಾತ್ರ ತನ್ನ ಪಾಡಿಗೆ "ಕಮ್ ಆನ್, ಕಮ್ ಆನ್" ಎನ್ನುತ್ತಲೇ ಇತ್ತು. ವರ್ಷಗಟ್ಟಲೆ ಹೇಳಿದ ಬಾಯಿ, ಅದಕ್ಕೆ ಕಣ್ಣಿನ ಹಂಗು ಬೇಕಿರಲಿಲ್ಲ. ನನ್ನ ಬೆನ್ನ ಹಿಂದೆ ವ್ಯಾಗನ್ನುಗಳು ನನ್ನನ್ನು ದಾಟಿ ಹೋಗುತ್ತಿದ್ದವು.

ಸದ್ದು ಕೇಳಿದಾಗ ತಿರುಗಿದೆ. ಹಳಿ ಮುಗಿಯುವಲ್ಲಿ ಇದ್ದ ಕಬ್ಬಿಣದ ತಡೆ ಬಾಗಿತ್ತು. ಮೊದಲನೆಯ ವ್ಯಾಗನ್ ಅದರ ಮೇಲೆ ಹತ್ತಿ, ಲಾರಿ ಡ್ರೈವರುಗಳು ನಿಲ್ಲುವ ಜಾಗದ ತುಂಬ ಜಲ್ಲಿ ಸುರಿದಿತ್ತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯಲು ಜೈಲಿನ ಹೊರಗೆ ಇರುತ್ತಿರಲಿಲ್ಲ.

ವಿಚಾರಣೆಯ ದಿನ ಮೇಜಿನ ಆಚೆ ಕೂತವರು ಕೇಳಿದ ಮೊದಲ ಪ್ರಶ್ನೆ: "ನೀನು ಮಾತು ನಿಲ್ಲಿಸಿದ್ದು ಯಾವಾಗ?" ನಿಲ್ಲಿಸಿಯೇ ಇರಬೇಕು ಎಂದು ಅವರೇ ಹಿಡಿದಿದ್ದರು. ನಾನು ಆ ಬಾಗಿಲಿನಿಂದ ಒಳಗೆ ಹೋದೆ. "ತಡೆ ಬರುವ ಮೊದಲೇ ಸುಮ್ಮನಾದೆ. ಅವನು ನಿಲ್ಲಿಸಲಿಲ್ಲ" ಎಂದೆ. ಡ್ರೈವರ್ ಎದುರಿಗೇ ಇದ್ದ. "ಅವನು ಕರೆಯುತ್ತಲೇ ಇದ್ದ" ಎಂದಷ್ಟೇ ಹೇಳಿದ. ವಾಕಿಟಾಕಿಯ ಮಾತು ಎಲ್ಲಿಯೂ ದಾಖಲಾಗಿರಲಿಲ್ಲ. ಹಿಂದೊಮ್ಮೆ ಅವನು ಸಿಗ್ನಲ್ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿದ್ದನಂತೆ. ಅವರು ನನ್ನನ್ನು ನಂಬಿದರು. ಎಂಜಿನ್ ಅವನ ಕೈ ತಪ್ಪಿತು. ಗೇಟಿನಲ್ಲಿ ಕೂರಲು ಹೇಳಿದರು. ಅವನು ಒಲ್ಲೆನೆಂದು ಹೊರಗೆ ಬಂದು, ವ್ಯಾನಿನಲ್ಲಿ ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದ.

ಈಚೆಗೆ ನಾನು ಈ ಮಾತನ್ನು ಹೇಳಿದ ಒಬ್ಬಿಬ್ಬರು ಗೆಳೆಯರು ನನಗೆ ಸಮಾಧಾನ ಕೊಡಲು ನೋಡಿದರು. "ನೀ ಹೊರಗಿನವ, ನಿನ್ನನ್ನ ಒದ್ದು ಓಡಿಸ್ತಿದ್ರು" ಎಂದರು. ಅದನ್ನು ನಾನು ಒಪ್ಪುವುದಿಲ್ಲ. ಆ ಯಾರ್ಡಿನಲ್ಲಿ ಪಂಜಾಬಿನವರಿದ್ದರು, ಪೋಲೆಂಡಿನವರಿದ್ದರು, ಅವನೂ ಹೊರಗಿನವನೇ. ಯೂನಿಯನ್ ನನ್ನ ಜೊತೆ ನಿಲ್ಲುತ್ತಿತ್ತು. ನನ್ನ ಮೈಬಣ್ಣವನ್ನು ನನ್ನ ಹೇಡಿತನಕ್ಕೆ ಕಂಬಳಿ ಹೊದಿಸಲು ನಾನು ಬಳಸಲಾರೆ. ಹೆದರಿದೆ, ಸುಳ್ಳು ಹೇಳಿದೆ, ಅಷ್ಟೇ.

ಮನೆಯಲ್ಲಿ ಮಾತ್ರ ಸುಳ್ಳು ಹೇಳಿರಲಿಲ್ಲ. ವ್ಯಾಗನ್ ತಡೆಯ ಮೇಲೆ ಹತ್ತಿದ ದಿನವೇ ಹೆಂಡತಿಗೆ ಎಲ್ಲ ಹೇಳಿದ್ದೆ. ವಿಚಾರಣೆಯಿಂದ ಬಂದ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು.

"ಖರೇ ಹೇಳಿ ಬಂದ್ರಿಲ್ಲೋ?"

ನಾನು ಏನು ಹೇಳಿದೆನೆಂದು ತಿಳಿಸಿದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು.

"ಆ ಮನಷ್ಯಾ ನಮ್ಮ ಮನ್ಯಾಗ ಉಂಡಾನ್ರೀ. ನಾಳಿ ಹೋಗಿ ತಿದ್ರಿ. ನಿಮಗ ಆಗಂಗಿಲ್ಲಂದ್ರ ನಾ ಅವನ ಹೆಂಡ್ತಿಗೆ ಹೇಳ್ತೀನಿ."

"ನಿನಗೇನ್ ತಿಳೀತದ ರೈಲಿಂದು?" ಎಂದು ಕೂಗಿದೆ.

"ರೈಲಿಂದು ತಿಳೀಲಿಕ್ಕಿಲ್ಲ. ಸುಳ್ಳಿಂದು ತಿಳೀತದ."

ಟಿವಿ ಮುಂದೆ ಕೂತಿದ್ದ ಮಗನನ್ನು ತೋಳು ಹಿಡಿದು ಎಳೆದು ತಂದೆ. ಹಿಟ್ಟು ಮೆತ್ತಿದ್ದ ಅವಳ ಕೈಯನ್ನು ಅವನ ತಲೆಯ ಮೇಲೆ ಇಟ್ಟೆ. "ಯಾರ ಮುಂದೂ ಬಾಯಿ ಬಿಡಂಗಿಲ್ಲ. ಆಣಿ ಮಾಡು" ಎಂದೆ. ನಮ್ಮ ಕಡೆಯ ಹೆಂಗಸು ಮಗನ ತಲೆಯ ಮೇಲೆ ಮಾಡಿದ ಆಣೆಯನ್ನು ಮುರಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಡಿಸಿದೆ. ಮಗ ತಲೆಗೆ ಹಿಟ್ಟು ಮೆತ್ತಿತೆಂದು ಗೊಣಗಿದ. ಅವಳು ಆಣೆ ಮಾಡಿದಳು.

ಅಂದಿನಿಂದ ಅವಳು ಕ್ಲಬ್ಬಿಗೆ ಬರಲಿಲ್ಲ. ಡ್ರೈವರ್ ಮಾತ್ರ ಬಂದ. ನನ್ನನ್ನೂ ಬಿಡಲಿಲ್ಲ. ಶನಿವಾರ ಪಾರ್ಸೆಲ್ ವ್ಯಾನಿನಲ್ಲಿ ಮನೆಗೆ ಬಂದು ನನ್ನನ್ನು ಕರೆದೊಯ್ಯುತ್ತಿದ್ದ. ಹೆಂಡತಿ ತಲೆ ತಗ್ಗಿಸಿ ಅವನ ಮುಂದೆ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ಹಾಲಿನಲ್ಲಿ ಅವನು ಒಂದು ಹೊಸ ನಿಯಮ ತಂದ: ಯಾರೇ ಗಾಡಿ ತಳ್ಳಲಿ, ಆಚೆ ತುದಿಯಲ್ಲಿ ಒಬ್ಬ ನಿಂತು ಬಿಡದೆ ಕರೆಯಬೇಕು, ದನಿ ನಿಂತರೆ ಗಾಡಿ ಓಡಿಸುವ ಕಂಟ್ರೋಲರಿನಿಂದ ಕೈ ತೆಗೆಯಬೇಕು. ಅವನು ತಳ್ಳುವಾಗ ಕರೆಯುವವನು ನಾನೇ ಆಗಬೇಕು. ಅಲ್ಲಿ ನಾನು "ಬಾ, ಬಾ, ಬಾ" ಎನ್ನುತ್ತಿದ್ದೆ. "ಕುರಿ ಕರೀತಾ ಇದ್ದಾನೆ!" ಎಂದು ಅವರು ನಗುತ್ತಿದ್ದರು, ಅವರ ಕಿವಿಗೆ ಅದು ಕುರಿಯ ಅರಚು. ಆಮೇಲೆ ಎಲ್ಲರೂ "ಬಾ" ಎಂದೇ ಕರೆಯಲು ಕಲಿತರು. ನವಣೆ ತುಂಬಿದ ವ್ಯಾಗನ್ನುಗಳು ನನ್ನತ್ತ ಬರುವಾಗ ಅವುಗಳಿಂದ ಕಣ್ಣು ಕೀಳುತ್ತಿರಲಿಲ್ಲ. ಹಾಗೆ ವರ್ಷಗಳು ಕಳೆದವು.

ಕಳೆದ ಚಳಿಗಾಲದಲ್ಲಿ ಕ್ಲಬ್ಬಿಗೆ ಒಬ್ಬ ಹೊಸಬ ಸೇರಿದ. ಯಾರ್ಡಿನ ಕಥೆ ಅವನ ಕಿವಿಗೂ ಬಿದ್ದಿತ್ತು. ಪ್ರದರ್ಶನಕ್ಕೆ ಸ್ಟೇಶನ್ ಒಯ್ಯುವ ಮಾತು ನಡೆದಿತ್ತು. ಗಾಡಿ ಯಾರು ಓಡಿಸಬೇಕು ಎಂದಾಗ ಆ ಹೊಸಬ ಡ್ರೈವರನ ಕಡೆ ಬೆರಳು ಮಾಡಿ, "ಅವನಿಗೆ ತಳ್ಳಲು ಕೊಡಬೇಡಿ, ಮೇಜಿನಿಂದ ಆಚೆ ಹಾಕಿಬಿಟ್ಟಾನು" ಎಂದ. ಎಲ್ಲರೂ ನಕ್ಕರು. ಡ್ರೈವರೂ ನಕ್ಕ. ಎಂಜಿನ್ ಹೋದರೂ ಡ್ರೈವರ್ ಎಂಬ ಹೆಸರೊಂದು ಅವನಿಗೆ ಉಳಿದಿದೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಅದೂ ಉಳಿದಿರಲಿಲ್ಲ. ಅವನ ಊರಿನ ಗಾಡಿಗಳ ನಡುವೆ, ಅವನ ಜನರ ಎದುರು, ಅವನು ನನ್ನ ಸುಳ್ಳಿಗೆ ನಗಬೇಕಾಗಿ ಬಂತು.

ಮುಂದಿನ ಶನಿವಾರ ಅವನು ಬೀಟ್ ಗಾಡಿ ತಳ್ಳುತ್ತಿದ್ದ. ನಾನು "ಬಾ, ಬಾ" ಎನ್ನುತ್ತಿದ್ದವನು ನಡುವೆ ಬಾಯಿ ಮುಚ್ಚಿದೆ. ತಕ್ಷಣ ಗಾಡಿ ನಿಂತಿತು.

"ನೋಡಿದಿರಾ?" ಎಂದೆ ಎಲ್ಲರಿಗೂ. "ನಾನು ಸುಮ್ಮನಾದರೆ ಇವನು ನಿಲ್ಲಿಸುತ್ತಾನೆ. ಯಾರ್ಡಿನಲ್ಲೂ ನಿಲ್ಲಿಸುತ್ತಿದ್ದ. ಅಂದು ನಾನು ಸುಮ್ಮನಾಗಿರಲಿಲ್ಲ. ಬೇರೆ ಕಡೆ ನೋಡುತ್ತ ಕರೆಯುತ್ತಲೇ ಇದ್ದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ತಪ್ಪು ನನ್ನದು, ಇವನದಲ್ಲ."

ಡ್ರೈವರ್ ಕಂಟ್ರೋಲರಿನಿಂದ ಕಣ್ಣೆತ್ತಲಿಲ್ಲ. "ಜೋರಾಗಿ ಹೇಳು. ಚಹಾದ ಕೆಟಲ್ ಹತ್ತಿರ ನಿಂತವನಿಗೆ ಕಿವಿ ಕೇಳಿಸುವುದಿಲ್ಲ."

ಮತ್ತೊಮ್ಮೆ ಹೇಳಿದೆ, ಜೋರಾಗಿ. ಅವನ ಬಳಿ ಹೋಗಿ ಕ್ಷಮಿಸು ಎಂದು ಕೇಳಿದೆ.

"ಇವತ್ತು ಕ್ಷಮಿಸಿದೆ ಅಂತ ಹೇಳುವುದಿಲ್ಲ," ಎಂದ. "ಈ ನಿಯಮ ಯಾಕೆ ತಂದೆ ಅಂದುಕೊಂಡಿದ್ದೀಯ? ನಾನು ಹೇಗೆ ನಿಲ್ಲಿಸುತ್ತೇನೆ ಅಂತ ನೀನು ವಾರವಾರ ನೋಡಬೇಕಿತ್ತು. ನೀನು ಎಷ್ಟು ದಿನ ತಡೆದುಕೊಳ್ಳುತ್ತೀಯ ಅಂತ ನಾನೂ ನೋಡಬೇಕಿತ್ತು. ಗಟ್ಟಿ ಮುದುಕ ನೀನು." ಆಮೇಲೆ ಕೇಳಿದ, "ನಿನ್ನ ಹೆಂಡತಿಗೆ ಗೊತ್ತಿತ್ತಾ?"

"ಮೊದಲ ದಿನದಿಂದ. ನಾನು ಆಣೆ ಹಾಕಿಸಿ ಬಾಯಿ ಕಟ್ಟಿದ್ದೆ."

ಅವನು ಕಂಟ್ರೋಲರ್ ಕೆಳಗಿಟ್ಟ. ಅವನ ಮುಖ ಅಷ್ಟು ಗಡುಸಾದದ್ದನ್ನು ನಾನು ವಿಚಾರಣೆಯ ದಿನವೂ ನೋಡಿರಲಿಲ್ಲ. "ಅವಳೂ ನನ್ನದೇ ತಪ್ಪು ಅಂತ ನಂಬಿದ್ದಾಳೆ, ಅದಕ್ಕೇ ನನ್ನ ಮುಖ ನೋಡುವುದಿಲ್ಲ ಅಂದುಕೊಂಡಿದ್ದೆ. ಇಷ್ಟು ವರ್ಷ."

ಅಂದು ವ್ಯಾನ್ ಹತ್ತಲಿಲ್ಲ. ಬಸ್ಸಿನಲ್ಲಿ ಮನೆಗೆ ಬಂದು ಹೆಂಡತಿಗೆ ತಿಳಿಸಿದೆ.

"ಎಲ್ಲಾರ ಮುಂದ ಹೇಳಿದ್ರಿ?"

"ಹೂಂ."

"ಹಂಗಾರ ಆಣಿ ಮುಗೀತು."

ಮತ್ತೇನೂ ಕೇಳದೆ ಅವಳು ಫೋನ್ ಎತ್ತಿಕೊಂಡು ಡ್ರೈವರನಿಗೆ ಹಚ್ಚಿದಳು. ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅವನಿಗೆ, ಆಮೇಲೆ ಅವನ ಹೆಂಡತಿಗೆ, "ಸಾರಿ, ವೆರಿ ಸಾರಿ" ಎಂದು ಮತ್ತೆ ಮತ್ತೆ ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಆ ಮಾತು ನನ್ನ ಬಾಯಿಂದ ಅವಳಿಗೆ ಬರಬೇಕಾಗಿತ್ತು. ಬರಲಿಲ್ಲ. ನಮ್ಮ ಮನೆತನಗಳಲ್ಲಿ ಗಂಡಸರು ಹೆಂಡತಿಗೆ ಹಾಗೆ ಹೇಳುವ ರೂಢಿಯಿಲ್ಲ ಎಂದು ಯಾರಾದರೂ ನನ್ನ ಪರ ವಹಿಸಿ ಹೇಳಿಯಾರು. ಆ ನೆಪವನ್ನೂ ನಾನು ತೆಗೆದುಕೊಳ್ಳುವುದಿಲ್ಲ. ಹಾಲಿನ ತುಂಬ ಜನರೆದುರು ಬಂದ ಮಾತು ನನ್ನದೇ ಅಡುಗೆಮನೆಯಲ್ಲಿ ಬರುವುದಿಲ್ಲವೆಂದರೆ ಅದಕ್ಕೆ ರೂಢಿ ಹೊಣೆಯಲ್ಲ.

ಸಂಘದವರು ಓದಲಿ, ಮಗ ಮುಖ ಮುಚ್ಚಿಕೊಳ್ಳಲಿ, ಯಾರ್ಡಿನ ಹಳಬರು ಉಗಿಯಲಿ. ಡ್ರೈವರನನ್ನು ಕ್ಷಮೆ ಕೇಳಿದ್ದೇನೆ. ಕೊಡುವುದು ಬಿಡುವುದು ಅವನಿಗೆ ಬಿಟ್ಟದ್ದು. ನಾನು ಇನ್ನೂ ಕೇಳದೆ ಉಳಿದಿರುವುದು ಒಬ್ಬಳೇ ಒಬ್ಬಳನ್ನು, ನನ್ನ ಹೆಂಡತಿಯನ್ನು.