‘ಪರವಾಗಿಲ್ಲ’ ಅನ್ನಬೇಡ ಎಂದ ಮುನಿಶಾಮಣ್ಣ

ಮುನಿಶಾಮಣ್ಣ ನಡೆಯುವುದನ್ನು ನೋಡಿದವರಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಆರಡಿ ಆಳು, ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ದುಡಿದ ಮೈಕಟ್ಟು. ಆದರೆ ಹತ್ತು ಹೆಜ್ಜೆ ಇಟ್ಟರೆ ನಿಲ್ಲುವರು. ಕಾಲುನೋವಿಲ್ಲ, ಏದುಸಿರಿಲ್ಲ. ಸುಮ್ಮನೆ ನಿಂತು, ಉಸಿರೆಳೆದುಕೊಂಡು, ಮತ್ತೆ ಹತ್ತು. ಶಿವಾಜಿನಗರದ ಬಸ್ಸು ಬಂದು, ಜನ ಹತ್ತಿ, ಕಂಡಕ್ಟರ್ ಸೀಟಿ ಊದಿ ಹೊರಟರೂ ಅವರು ಇನ್ನೂ ಪೆಟ್ಟಿಗೆ ಅಂಗಡಿಯ ಹತ್ತಿರವೇ ಇರುತ್ತಿದ್ದರು. “ಹೋಗ್ಲಿ ಬಿಡು, ಇನ್ನೊಂದು ಬರ್ತೈತೆ” ಅನ್ನುವರು. ಸೈನ್ಯದ ಆಸ್ಪತ್ರೆಯ ನರ್ಸಿಂಗ್ ಕೆಲಸದಲ್ಲಿ ವರ್ಷಗಟ್ಟಲೆ, ಉಸಿರಾಟಕ್ಕೆ ಗಾಳಿ ಸಾಲದಷ್ಟು ಎತ್ತರದ ಲೇಹ್‌ನಲ್ಲಿದ್ದರಂತೆ. ಅಲ್ಲಿ ಕಲಿತ ನಡಿಗೆಯನ್ನು ಇಲ್ಲಿಗೂ ತಂದಿದ್ದರು.

ಅವರ ಸ್ವಂತ ಊರು ಗರುಡಾಚಾರ್‌ಪಾಳ್ಯ. ಪಿಂಚಣಿ ಪಡೆದು ಬಂದಾಗ ರಾಗಿ ಹೊಲದಲ್ಲೆಲ್ಲ ಕಾರ್ಖಾನೆ ಶೆಡ್ಡುಗಳು ಎದ್ದಿದ್ದವು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ವಿಮಾನಪುರದ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆದರು. ನಮ್ಮಪ್ಪ ವಿಮಾನ ಕಾರ್ಖಾನೆಯ ನೌಕರ, ನಮ್ಮ ಕ್ವಾರ್ಟರ್ಸ್ ಅದೇ ಬೀದಿಯಲ್ಲಿತ್ತು. ಚಿಕ್ಕಂದಿನಲ್ಲಿ ನನಗೆ ಉಬ್ಬಸ. ವಾರಕ್ಕೊಂದು ಸಲ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡೇ ಬೆಳೆದೆ. “ಅಮ್ಮಣ್ಣಿ, ಉಸಿರು ಬಿಡು, ಹಿಡ್ಕೋಬೇಡ” ಎಂದು ಅವರು ಹೇಳುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಇಂದಿರಾನಗರದ ಶಾಲೆಯೊಂದರಲ್ಲಿ ಟೀಚರ್. ಸಂಜೆ ಹಲಸೂರಿನ ಒಂದು ಮಹಡಿಯ ಮೇಲೆ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಆ ಭಾಷೆಯ ಹುಚ್ಚು ಎಷ್ಟು ಹಿಡಿಯಿತೆಂದರೆ, ಬೊಲಿವಿಯಾದ ಲಾ ಪಾಸ್ ನಗರದಲ್ಲಿ ಆರು ತಿಂಗಳು ಓದಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದೆ. ಅರ್ಜಿ ಹಾಕುವಾಗ ಆ ಊರು ಎಷ್ಟು ಎತ್ತರದಲ್ಲಿದೆ ಎಂದು ನೋಡುವಷ್ಟು ಬುದ್ಧಿ ನನಗಿರಲಿಲ್ಲ. ಆಯ್ಕೆಯಾದ ಕಾಗದ ಬಂದ ಮೇಲೆ ಶಾಲೆಯ ಅಟ್ಲಾಸ್ ತೆಗೆದೆ. ಹನ್ನೆರಡು ಸಾವಿರ ಅಡಿ! ವಿಮಾನ ಇಳಿಯುವ ಜಾಗ ಅದಕ್ಕಿಂತಲೂ ಮೇಲೆ.

ಅಂದಿನಿಂದ ನನಗೆ ಅನ್ನ ಸೇರದಾಯಿತು. ನಾನು ಹುಟ್ಟಾ ಪುಕ್ಕಲಿ. ಡಾಕ್ಟರು ಎದೆ ನೋಡಿ, “ಹತ್ತು ವರ್ಷದಿಂದ ಉಬ್ಬಸ ಬಂದಿಲ್ಲ, ಔಷಧಿ ಜೊತೆಗಿಟ್ಕೊಂಡು ಹೋಗ್ಬಾ” ಎಂದರು. ನನಗೆ ಬೇಕಾದ ಉತ್ತರ ಅದಾಗಿರಲಿಲ್ಲ. ಹೊರಗೆ ಬಂದು ಮುನಿಶಾಮಣ್ಣನ ಮುಂದೆ ನಿಂತೆ.

“ಹೋಗ್ಬೇಡ ಅಂತ ಹೇಳಿಸ್ಕೊಳ್ಳೋಕೆ ಬಂದ್ಯಾ?” ಎಂದರು ತಲೆಯೆತ್ತದೆ. “ಭಯ ಐತಾ?”

“ತುಂಬಾ ಇದೆ, ಮುನಿಶಾಮಣ್ಣ.”

“ಒಳ್ಳೇದೇ ಆಯ್ತು. ಭಯ ಇಲ್ದೋರ್ನ ನಾನು ಲೇಹ್‌ನಾಗೆ ಸ್ಟ್ರೆಚರ್ ಮೇಲೆ ಹೊತ್ತಿದ್ದೀನಿ. ನಾಳೆ ಸಂಜೆ ಬಾ.”

ಮಾರನೆಯ ದಿನದಿಂದ ನನ್ನ ತಾಲೀಮು ಶುರುವಾಯಿತು. ಹಲಸೂರು ಕೆರೆಯ ಪಕ್ಕ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಇಬ್ಬರೂ ನಡೆದರೆ, ಕಡಲೆಕಾಯಿ ಮಾರುವವನು ಏನು ಕಳೆದುಹೋಯಿತು ಎಂದು ಕೇಳುತ್ತಿದ್ದ. ನನಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ಶಿವಾಜಿನಗರಕ್ಕೆ ಕರೆದೊಯ್ದು ಸ್ವೆಟರ್ ಕೊಡಿಸಿದರು. ನಾನು ಮೊಣಕಾಲುದ್ದದ ಭಾರೀ ಕೋಟಿಗೆ ಆಸೆಪಟ್ಟರೆ, “ಒಂದು ದಪ್ಪಂದಕ್ಕಿಂತ ಮೂರು ತೆಳ್ಳಂದು ಬೆಚ್ಚಗಿರ್ತವೆ, ಅದನ್ನ ಹೊತ್ಕೊಂಡು ಮೆಟ್ಲು ಹತ್ತೋರ್ಯಾರು?” ಎಂದು ಕಿತ್ತಿಟ್ಟರು. ಲಾ ಪಾಸಿನಲ್ಲಿ ಮೊದಲ ಎರಡು ದಿನ ಸ್ನಾನವಿಲ್ಲ, ಪಾಠವಿಲ್ಲ, ಹೊಟ್ಟೆ ತುಂಬ ಊಟವಿಲ್ಲ, ಬರೀ ನೀರು ಕುಡಿದು ಮಲಗುವುದು ಎಂದು ತಾಕೀತು ಮಾಡಿದರು. ಗಡಿಯಾರ ಹಿಡಿದು ಉಸಿರೆಣಿಸಲು ಕಲಿಸಿದರು. “ಸುಮ್ನೆ ಕೂತಿರೋನ ಉಸಿರು ನಿಮಿಷಕ್ಕೆ ಮೂವತ್ತು ದಾಟ್ತಾ, ಅವನನ್ನೇನೂ ಕೇಳ್ಬೇಡ. ಕೆಳಗಿಳಿಸು.”

ಸ್ಪ್ಯಾನಿಷ್ ಒಂದಕ್ಷರ ಬಾರದ ಈ ಮನುಷ್ಯ ನನಗೆ ಸ್ಪ್ಯಾನಿಷ್ ಪಾಠವನ್ನೂ ಮಾಡಿದರು. ನನ್ನ ಪುಸ್ತಕದ ಮೊದಲ ಪಾಠದಲ್ಲಿ ‘ನನ್ನ ಹೆಸರು ಇಂಥದ್ದು’ ಎಂದಿತ್ತು. “ಹೆಸರು ಕಟ್ಕೊಂಡು ಅವ್ರೇನ್ಮಾಡ್ತಾರೆ? ತಲೆನೋವು ಅನ್ನೋದಕ್ಕೆ ಏನಂತಾರೆ, ಅದ್ಹೇಳು.” ‘ಮೆ ದುಯೆಲೆ ಲಾ ಕಬೇಸಾ’ ಎಂದೆ. ಅಂದಿನಿಂದ ನಾನು ಕ್ಲಿನಿಕ್ಕಿನ ಮುಂದೆ ಹಾದುಹೋದಾಗಲೆಲ್ಲ, ರೋಗಿಗಳೆಲ್ಲ ಬೆಂಚಿನ ಮೇಲಿರುವಾಗಲೇ ಕೂಗುವರು: “ಅಮ್ಮಣ್ಣಿ, ತಲೆನೋವು ಬಂತು, ಏನಂತೀಯ?” ನಾನು ಗೊಣಗಿದರೆ, “ಜೋರಾಗಿ!”

ಹೊರಡಲು ಒಂದು ವಾರವಿತ್ತು. ಕೆರೆಯ ಹತ್ತಿರ ಕಲ್ಲು ಎಡವಿ ನನ್ನ ಹೆಬ್ಬೆರಳಿನಿಂದ ರಕ್ತ ಬಂತು. “ನೋವಾಯ್ತಾ?” ಎಂದರು. “ಪರವಾಗಿಲ್ಲ” ಎಂದೆ. ಅಷ್ಟಕ್ಕೇ ಮುನಿಶಾಮಣ್ಣನ ಮುಖ ಬದಲಾಯಿತು.

“ಆ ಮಾತೊಂದು ಆಡ್ಬೇಡ” ಎಂದು ಕಟ್ಟೆಯ ಮೇಲೆ ಕೂತರು. “ಕೋಲಾರದ ಕಡೆಯೋನೊಬ್ಬ ಲೇಹ್‌ಗೆ ಬಂದಿದ್ದ, ನಾಯಕ್ ದರ್ಜೆಯೋನು. ಎರಡು ಮಕ್ಕಳಿದ್ವು. ನಮ್ಮೂರ ಕಡೆಯೋನು ಸಿಕ್ದ ಅಂತ ನಂಗೆ ಖುಷಿ. ಸಂಜೆ ಹೋಗಿ, ಹೆಂಗಿದ್ದೀಯಪ್ಪಾ ಅಂದೆ. ಪರವಾಗಿಲ್ಲಣ್ಣ ಅಂದ. ಬೇರೆ ಎಲ್ರಿಗೂ ಉಸಿರೆಣಿಸ್ದೆ, ಇವನಿಗೆಣಿಸ್ಲಿಲ್ಲ. ನಮ್ಮೋನಲ್ವಾ, ಸುಳ್ಳು ಯಾಕೆ ಹೇಳ್ತಾನೆ? ಬೆಳಗ್ಗೆ ಎಬ್ಬಿಸೋಕೆ ಹೋದ್ರೆ ಮೈ ತಣ್ಣಗಾಗಿತ್ತು. ಹಿಂದೀಲಿ ಕೇಳಿದ್ರೆ ತಲೆನೋವು ಅಂತಿದ್ನೋ ಏನೋ. ಕನ್ನಡದಲ್ಲಿ ಕೇಳ್ಬಿಟ್ಟೆ. ನಮ್ಮ ಜನಕ್ಕೆ ಇನ್ನೊಬ್ರಿಗೆ ತೊಂದ್ರೆ ಕೊಡ್ಬಾರ್ದು ಅನ್ನೋದು ಅಷ್ಟಿದೆ.”

ಅವರ ಹತ್ತು ಹೆಜ್ಜೆಯ ಹಿಂದೆ ಇದ್ದದ್ದೂ ಭಯವೇ ಎಂದು ನನಗೆ ಅಂದು ತಿಳಿಯಿತು.

ಲಾ ಪಾಸಿನಲ್ಲಿ ನಾನು ಇಳಿದದ್ದು ಬೆಳಗ್ಗೆ. ದೋನ್ಯಾ ರೋಸಾ ಎಂಬ ವಿಧವೆಯ ಮನೆಯಲ್ಲಿ ವಾಸ. ಮಧ್ಯಾಹ್ನಕ್ಕೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಆಕೆ ನನಗೆಂದೇ ಕುಂಬಳಕಾಯಿ ಸೂಪು ಮಾಡಿ, ನೆಂಟರನ್ನು ಬೇರೆ ಕರೆದಿದ್ದರು. ಮೇಜಿನ ಮುಂದೆ ಹೇಗಿದ್ದೀಯ ಮಗಳೇ ಎಂದು ಕೇಳಿದರು. ‘ಚೆನ್ನಾಗಿದ್ದೀನಿ’ ಎಂದು ಸ್ಪ್ಯಾನಿಷಿನಲ್ಲಿ ನನ್ನ ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು! ಇಷ್ಟು ದೂರ ಬಂದು, ಇನ್ನೊಂದು ಭಾಷೆಯಲ್ಲಿ, ಅದೇ ಹಳೆಯ ಪರವಾಗಿಲ್ಲ. ಚಮಚ ಕೆಳಗಿಟ್ಟೆ. ನಾನು ಸಾಯುತ್ತೇನೆ ಅನ್ನಿಸಿತು. ಮೇಜಿನ ಕೆಳಗೆ ಗಡಿಯಾರ ಹಿಡಿದು ಉಸಿರೆಣಿಸಿದೆ. ಮೂವತ್ತೊಂದು. ಎದ್ದು ನಿಂತು, ನೆಂಟರೆಲ್ಲ ಬೆಚ್ಚಿಬೀಳುವ ಹಾಗೆ, ಕ್ಲಿನಿಕ್ಕಿನ ಬೆಂಚಿಗೆ ಕೇಳಿಸುವಷ್ಟು ಜೋರಾಗಿ ಕೂಗಿದೆ: ಮೆ ದುಯೆಲೆ ಲಾ ಕಬೇಸಾ.

ಅರ್ಧ ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆ, ಮೂಗಿಗೆ ಆಮ್ಲಜನಕ ಹಾಕಿದ್ದರು. ನಾಳೆ ನೋಡೋಣ ಎಂದು ಮಲಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ಕೆಳಗಿನ ಊರೊಂದರಲ್ಲಿ ವಾರವಿದ್ದು, ಮೆಲ್ಲಗೆ ಮೇಲೆ ಬಂದು, ಓದು ಮುಗಿಸಿದೆ.

ವಾಪಸು ಬಂದಾಗ ಕ್ಲಿನಿಕ್ಕಿನಲ್ಲಿ ಬೇರೆ ಕಾಂಪೌಂಡರ್ ಇದ್ದರು. ಗರುಡಾಚಾರ್‌ಪಾಳ್ಯದ ಮುನಿಶಾಮಣ್ಣನ ಮನೆಗೆ ಹೋದೆ. ಶ್ವಾಸಕೋಶ ಪೂರ್ತಿ ಕೆಟ್ಟಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರಂತೆ. ಆರಡಿ ಆಳು ಹಾಸಿಗೆಯಲ್ಲಿ ಚಿಕ್ಕವರಾಗಿ ಹೋಗಿದ್ದರು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ.

“ಹೇಗಿದ್ದೀರಾ, ಮುನಿಶಾಮಣ್ಣ?”

“ಚೆನ್ನಾಗಿಲ್ಲ, ಅಮ್ಮಣ್ಣಿ” ಎಂದರು. ಒಂದಿಷ್ಟು ಸುಧಾರಿಸಿಕೊಂಡು, “ಭಯ ಆಗ್ತೈತೆ.”

ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅವರು ನನ್ನ ಗಡಿಯಾರದ ಕಡೆ ನೋಡಿದರು. ನನಗೆ ಅರ್ಥವಾಯಿತು. ಅವರ ಎದೆಯ ಮೇಲೆ ಕೈಯಿಟ್ಟು ಒಂದು ನಿಮಿಷ ಎಣಿಸಿದೆ.

“ಎಷ್ಟಾಯ್ತು?”

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಮೂವತ್ತಾರು.”

“ಸರಿಯಾಗಿ ಎಣಿಸ್ದೆ” ಎಂದು ಕಣ್ಣು ಮುಚ್ಚಿದರು.

ಮೂವತ್ತು ದಾಟಿದರೆ ಕೆಳಗಿಳಿಸು ಎಂದು ಕಲಿಸಿದವರು ಅವರೇ. ಅಲ್ಲಿಂದ ಅವರನ್ನು ಇನ್ನೆಲ್ಲಿಗೆ ಇಳಿಸಲಿ? ಅವರ ಕೈ ಹಿಡಿದುಕೊಂಡು, ಅವರ ಮಗಳು ಕಾಫಿ ತರುವ ತನಕ ಅಲ್ಲೇ ಕೂತಿದ್ದೆ.