ತೊಳೆದಿಟ್ಟ ಬೆಣಚುಕಲ್ಲುಗಳು

ರಾಜಸ್ಥಾನದ ಮರಳುಗಾಡಿನಲ್ಲಿ ಮೂರು ಚಳಿಗಾಲ ಶಿಲಾಯುಗದ ನೆಲೆಗಳನ್ನು ಅಗೆದು ಬಂದವಳು ನಾನು. ಇಂದು ತೋಡಿಟ್ಟ ಗುಂಡಿಯಲ್ಲಿ ಬೆಳಗಾಗುವಷ್ಟರಲ್ಲಿ ಮರಳು ತುಂಬಿಕೊಂಡಿರುತ್ತಿತ್ತು. ಆದರೂ ನಮ್ಮ ಮೇಷ್ಟ್ರು ಜಾಗದ ಅಳತೆ ಬರೆದುಕೊಳ್ಳದೆ ಒಂದು ಚೂರು ಕಲ್ಲನ್ನೂ ಎತ್ತಲು ಬಿಡುತ್ತಿರಲಿಲ್ಲ. ಕಲ್ಲು ಎಲ್ಲಿತ್ತು, ಅದರ ಪಕ್ಕ ಏನಿತ್ತು ಎಂಬುದರಿಂದಲೇ ಅದನ್ನು ಕೆತ್ತಿದವರ ಬದುಕು ತಿಳಿಯುವುದು.

ತಿಪಟೂರಿಗೆ ಮರಳಿದ ಮೇಲೆ ಅಂಥವೇ ಕಲ್ಲುಗಳು ಕಂದಿಕೆರೆ ಕಡೆಯ ಒಂದು ಹೊಲದಲ್ಲಿ ಕಣ್ಣಿಗೆ ಬಿದ್ದವು. ತೆಂಗಿನ ತೋಟ ಮುಗಿದು ರಾಗಿ ಹೊಲ ಶುರುವಾಗುವ ಇಳಿಜಾರಿನಲ್ಲಿ, ಬೆಣಚುಕಲ್ಲಿನ ಉಗುರಿನಷ್ಟು ಅಗಲದ ಅಲಗುಗಳು. ಪುರಾತತ್ವ ಇಲಾಖೆಯ ಅನುಮತಿ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಹೊಲದೊಡತಿ ಮಾತ್ರ ಒಂದೇ ಮಾತಿಗೆ ಒಪ್ಪಿದರು. "ಉಳೋಕೆ ಇನ್ನೂ ಹದಿನೈದು ದಿನ ಐತೆ. ಅಷ್ಟ್ರೊಳಗೆ ಏನ್ ಬೇಕೋ ನೋಡ್ಕೊಳವ್ವ."

ನಾಲ್ಕು ದಿನ ಬಿಸಿಲಲ್ಲಿ ಬಗ್ಗಿ ಬಗ್ಗಿ ಪ್ರತಿ ಕಲ್ಲಿನ ಪಕ್ಕ ಕೆಂಪು ಬಟ್ಟೆ ಕಟ್ಟಿದ ಮೊಳೆ ನೆಟ್ಟೆ. ಮಧ್ಯಾಹ್ನಕ್ಕೆ ಆಕೆ ಮಜ್ಜಿಗೆ ತಂದುಕೊಡುತ್ತಿದ್ದರು, ನಾನು ಕುಡಿದು ಮತ್ತೆ ಬಗ್ಗುತ್ತಿದ್ದೆ. ಐದನೆಯ ದಿನ ಅಳತೆ ಶುರು ಮಾಡಿ ಮೊದಲ ಸಾಲು ಬರೆದುಕೊಳ್ಳುವಾಗ ಟೇಪು ತುಂಡಾಯಿತು. ಹೊಸದು ತರಲು ತಿಪಟೂರಿಗೆ ಹೋದೆ.

ಮಾರನೆಯ ದಿನ ಬಂದು ನೋಡಿದರೆ ಹೊಲ ಬರಿದಾಗಿತ್ತು. ಒಂದು ಮೊಳೆಯೂ ಇಲ್ಲ. ಆಕೆ ನಗುತ್ತಾ ಬುಟ್ಟಿ ಹಿಡಿದು ಬಂದರು.

"ಪಾಪ, ಒಬ್ಳೇ ಎಷ್ಟು ಅಂತ ಬಗ್ತೀಯಾ ಅಂತ ನಾನೇ ಆರ್ಸಿಟ್ಟೆ ಕಣವ್ವ. ಒಂದೂ ಬಿಟ್ಟಿಲ್ಲ. ಮಣ್ಣಾಗಿದ್ವು, ನಾರಲ್ಲಿ ಉಜ್ಜಿ ತೊಳ್ದಿದೀನಿ."

"ಮೊಳೆ?"

"ದನದ ಕಾಲಿಗೆ ಚುಚ್ಚೀತು ಅಂತ ಕಿತ್ತು ಕಟ್ಟಿಟ್ಟಿದೀನಿ."

ನಾನು ಬದುವಿನ ಮೇಲೆ ಕುಸಿದು ಕುಳಿತೆ. ಇದ್ದ ಜಾಗವೇ ಮುಖ್ಯವಾಗಿತ್ತು, ಇನ್ನು ಇವುಗಳಿಂದ ಏನೂ ತಿಳಿಯುವುದಿಲ್ಲ ಎಂದು ಒರಟಾಗಿಯೇ ಹೇಳಿಬಿಟ್ಟೆ. ಆಕೆಯ ಮುಖ ಬಾಡಿತು.

"ಅಯ್ಯೋ, ಅಷ್ಟೇ ತಾನೆ? ಇದ್ದಲ್ಲೇ ಇಟ್ಟು ಕೊಡ್ತೀನಿ ಬಾ" ಎಂದು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊಲಕ್ಕಿಳಿದರು. "ಇದು ಇಲ್ಲಿತ್ತು. ಇದು ಆ ಕಲ್ಲಿನ ಮಗ್ಗುಲಲ್ಲಿ." ಬರೆದುಕೊಂಡಿದ್ದ ಮೊದಲ ಸಾಲಿನ ಜೊತೆ ಹೋಲಿಸಿ ನೋಡಿದೆ. ಒಂದೂ ಹೊಂದಲಿಲ್ಲ. ಫೋನಿನ ಫೋಟೊಗಳಲ್ಲಿ ಕೆಂಪು ಬಟ್ಟೆ ಬಿಟ್ಟು ಬೇರೇನೂ ಸ್ಪಷ್ಟವಾಗಿರಲಿಲ್ಲ. ಅರ್ಧ ಬುಟ್ಟಿ ಖಾಲಿಯಾದ ಮೇಲೆ "ಸಾಕು ಬಿಡಿ, ಅಮ್ಮ" ಎಂದೆ.

ಇಟ್ಟವನ್ನು ಮತ್ತೆ ಆರಿಸಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಚೀಟಿಯ ಮೇಲೆ ಹೊಲದ ಸರ್ವೆ ನಂಬರು ಮಾತ್ರ ಬರೆದೆ. ಮುಂದಿನ ವಾರ ಅಲ್ಲಿ ಟ್ರ್ಯಾಕ್ಟರ್ ಓಡಿತು.

ಚೀಲ ಕಟ್ಟಿದ ದಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿಪಟೂರಿನವರೆಗೂ ಕುದಿಯುತ್ತಲೇ ಕೂತಿದ್ದೆ. ಆಕೆಯನ್ನು ಬೈದುಕೊಳ್ಳಲೂ ಆಗಲಿಲ್ಲ. ನಾಲ್ಕು ದಿನ ಆಕೆ ಕೊಟ್ಟ ಮಜ್ಜಿಗೆ ಕುಡಿದಿದ್ದೆ, ಆ ಮೊಳೆಗಳು ಯಾಕೆ ಎಂದು ಒಂದು ಸಲವೂ ಹೇಳಿರಲಿಲ್ಲ.