ಒಂಬತ್ತು ಸಲ ತಟ್ಟಿದ ಬೆರಳು

ಕಾರ್ಬನ್ ಹಾಳೆಗೆ ಒಂದು ವಾಸನೆ ಇದೆ. ಮೇಣ, ಸೀಮೆಎಣ್ಣೆ, ಮುಚ್ಚಿಟ್ಟ ಕಪಾಟು ಎಲ್ಲ ಸೇರಿದಂಥದು. ನಾನು ಶ್ರೀರಂಗಪಟ್ಟಣದಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತೇನೆ. ಈ ವಾರ ಅಂಕಪಟ್ಟಿಗಳನ್ನು ಎರಡೆರಡು ಪ್ರತಿ ಬರೆಯಬೇಕಿತ್ತು. ಕಾರ್ಬನ್ನಿನ ಹೊಸ ಡಬ್ಬಿ ತೆರೆದೆ, ಆ ವಾಸನೆ ಬಂತು. ಆಮೇಲೆ ಮೂರು ದಿನ ಒಂದು ಕಡೆ ನೆಟ್ಟಗೆ ಕೂರಲಾಗಲಿಲ್ಲ.

ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಾಟಕದ ಮೇಷ್ಟ್ರಿದ್ದರು. ಹಾರ್ಮೋನಿಯಂ ಅನ್ನು ಅವರು ಪೆಟ್ಟಿಗೆ ಎನ್ನುತ್ತಿದ್ದರು. ಊರು ಅವರನ್ನು ಪೆಟ್ಟಿಗೆ ಮೇಷ್ಟ್ರು ಎನ್ನುತ್ತಿತ್ತು. ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ರೈತರಿಗೆ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಸುಗ್ಗಿ ಮುಗಿದು ಬಸ್ಸಿನ ಮೇಲೆ ಪೆಟ್ಟಿಗೆ ಹೇರಿಸಿಕೊಂಡು ಹೊರಟರೆ ತಿಂಗಳುಗಟ್ಟಲೆ ಮನೆಗೆ ಬೀಗ. ನನಗೆ ನೆನಪಿರುವ ಕಾಲಕ್ಕೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೆಟ್ಟಿಗೆ ನುಡಿಸಲು ಕಣ್ಣು ಬೇಕಿರಲಿಲ್ಲ. ಬರೆಯಲು ಬೇಕಿತ್ತು.

ತೊಂಬತ್ತರ ದಶಕದ ಶುರು. ನಾನು ಪಿಯುಸಿ ಮುಗಿಸಿದ್ದ ಬೇಸಿಗೆ. ನಾಗಮಂಗಲದಲ್ಲಿ ರಂಗಗೀತೆ ಸ್ಪರ್ಧೆ ಇಟ್ಟುಕೊಂಡು ಮೇಷ್ಟ್ರನ್ನು ತೀರ್ಪುಗಾರರಾಗಿ ಕರೆದಿದ್ದರು. ಅಂಕ ಬರೆಯಲು ಅವರು ನನ್ನನ್ನು ಕರೆದುಕೊಂಡು ಹೋದರು.

“ಬಾಯ್ಬುಟ್ಟು ಏಳಂಗಿಲ್ಲ ಮಗಾ, ಎಲ್ಲಾ ಕಿವಿ ಕೊಟ್ಕಂಡ್ ಕೂತಿರ್ತಾರೆ. ಮೇಜಿನ್ ಮೇಲೆ ಬೆರಳಲ್ಲಿ ತಟ್ತೀನಿ. ತಟ್ದಷ್ಟು ಬರಿ. ಅಷ್ಟೇಯ” ಎಂದರು.

ಒಂದೇ ಹಳೆಯ ನಾಟಕ, ಒಂದೇ ಹಾಡು. ಸೈನ್ಯವನ್ನೆಲ್ಲ ಕಳೆದುಕೊಂಡ ರಾಜ ಒಬ್ಬನೇ ನಡೆದು ಹೋಗುವಾಗ ಹಾಡುವುದು. ಹಾಡಲು ಬಂದಿದ್ದವರು ಹನ್ನೊಂದು ಜನ, ಎಲ್ಲರೂ ಅವರವರ ಊರಿಗೆ ಹೆಸರಾದ ರಾಜರು. ರಾಜನ ಪಾರ್ಟು ಎಂದರೆ ಇವನೇ ಎಂದು ಒಂದೊಂದು ಊರೂ ಒಬ್ಬೊಬ್ಬರನ್ನು ಹೊತ್ತು ಮೆರೆಸಿತ್ತು.

ಅವರಲ್ಲಿ ಹಿರಿಯರು ಕಿಕ್ಕೇರಿಯ ಗೌಡರು. ಮೂವತ್ತು ವರ್ಷದ ಹಿಂದೆ ಮೇಷ್ಟ್ರ ಕೈಯಲ್ಲೇ ಕಲಿತವರು. ನಾವು ಬಸ್ಸಿಳಿದಾಗ ನಿಲ್ದಾಣದಲ್ಲೇ ಕಾಯುತ್ತಿದ್ದರು. ಮೇಷ್ಟ್ರ ಕಾಲು ಮುಟ್ಟಿ, “ಈ ಸಲ ಸೋತ್ರೆ ನಾನ್ ಇನ್ ಬಣ್ಣ ಅಚ್ಚಲ್ಲ ಕಣಿ ಮೇಷ್ಟ್ರೇ. ಮನೆದೇವ್ರ ಮುಂದೆ ಏಳ್ಬುಟ್ ಬಂದಿವ್ನಿ” ಎಂದರು.

“ಸೋಲೋ ರಾಜನ್ ಪಾರ್ಟ್ ಮಾಡೋನು ಸೋಲಕ್ ಎದ್ರುತೀಯೇನ್ಲಾ?” ಎಂದು ಮೇಷ್ಟ್ರು ಅವರ ಬೆನ್ನಿಗೆ ಗುದ್ದಿದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ. ತೀರ್ಪುಗಾರರು ಸ್ಪರ್ಧಿಯ ಜೊತೆ ಹೀಗಿರಬಾರದು ಎಂದು ನನಗೆ ಅನಿಸಿತ್ತು.

ಕರಪತ್ರದಲ್ಲಿ ತೀರ್ಪುಗಾರರು ಮೂವರು ಎಂದಿತ್ತು; ಬಂದವರು ಮೇಷ್ಟ್ರೊಬ್ಬರೇ. ಶಾಲೆಯ ಹಾಲಿನ ಮುಂದಿನ ಸಾಲಿನಲ್ಲಿ ಮೇಜು. ಎರಡು ಹಾಳೆ, ನಡುವೆ ಕಾರ್ಬನ್, ಕೈಯಲ್ಲಿ ರಬ್ಬರ್ ಇದ್ದ ಪೆನ್ಸಿಲ್. ಮೇಲಿನದು ಸಂಘಟಕರಿಗೆ, ಕೆಳಗಿನದು ಮೇಷ್ಟ್ರಿಗೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ತಟ್ಟಿದರು, ನಾನು ಬರೆದೆ. ಆರು, ಐದು, ಏಳು. ನಾಗಮಂಗಲದ ಒಬ್ಬ ಯುವಕ ಮೇಲಿನ ಸ್ವರದಲ್ಲಿ ಉಸಿರು ಬಿಡದೆ ನಿಂತಾಗ ಇಡೀ ಸಭೆಯೇ ಒನ್ಸ್ ಮೋರ್ ಎಂದು ಕೂಗಿತು. ಅವನಿಗೆ ಎಂಟು.

ಕೊನೆಗೆ ಗೌಡರು. “ಸುತಿ ಒಂಚೂರು ಇಳಿಸ್ಲಾ ಗೌಡ್ರೇ?” ಎಂದು ಪೆಟ್ಟಿಗೆಯವನು ಕೇಳಿದ.

“ಇಳ್ಸೋದಾದ್ರೆ ನನ್ನೇ ಸ್ಟೇಜಿಂದ ಇಳ್ಸ್ಬುಡಪ್ಪ.”

ಹಾಡಿದರು. ಮೇಲಿನ ಸಾಲಿಗೆ ಬಂದಾಗ ಗಂಟಲು ಒಡೆಯಿತು. ಹಿಂದಿನಿಂದ ಯಾರೋ, “ಗೌಡ್ರಿಗೆ ಒಂದ್ ಸೋಡಾ ಕೊಡ್ರಪ್ಪೋ” ಎಂದರು. ನಗು ಎದ್ದಿತು. ಗೌಡರು ಮತ್ತೆ ಆ ಸ್ವರಕ್ಕೆ ಹೋಗಲಿಲ್ಲ. ಪೆಟ್ಟಿಗೆ ಒಂದೇ ನುಡಿಯುತ್ತಿತ್ತು. ಉಳಿದ ಎರಡು ಸಾಲನ್ನು ಅವರು, ಹಾಡೋ ಮಾತೋ ತಿಳಿಯದ ಹಾಗೆ, ನಮಗೆ ಬೆನ್ನು ತಿರುಗಿಸಿ ಹೇಳುತ್ತಾ ಒಳಗೆ ನಡೆದುಬಿಟ್ಟರು. ನಗು ಯಾವಾಗ ನಿಂತಿತೋ...

ಮೇಷ್ಟ್ರ ಬೆರಳು ಒಂಬತ್ತು ಸಲ ತಟ್ಟಿತು. ನಾನು ಒಂಬತ್ತು ಎಂದು ಬರೆದೆ.

ಆಗ ನಾನು ವೀಣೆಯಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಶ್ರುತಿ ಬಿಟ್ಟದ್ದು ಬಿಟ್ಟದ್ದೇ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಡದ್ದೂ ಮನಸ್ಸಿನಲ್ಲಿತ್ತು. ಇದು ಶಿಷ್ಯನ ಮೇಲಿನ ಪಕ್ಷಪಾತ ಎಂದುಕೊಂಡೆ. ಪೆನ್ಸಿಲ್ ತಿರುಗಿಸಿ ಒಂಬತ್ತನ್ನು ಅಳಿಸಿ ಆರು ಎಂದು ಬರೆದೆ. ನ್ಯಾಯ ಮಾಡಿದೆ ಎಂದೇ ಅನಿಸಿತ್ತು.

ಮೊದಲ ಬಹುಮಾನ ನಾಗಮಂಗಲದ ಯುವಕನಿಗೆ ಎಂದು ಓದಿದರು. ಮೇಷ್ಟ್ರು ನನ್ನ ಕಡೆ ಮುಖ ತಿರುಗಿಸಿದರು. ಆದರೆ ಕುರ್ಚಿಯಿಂದ ಏಳಲಿಲ್ಲ. ಗೌಡರು ಬಂದು ಮತ್ತೆ ಅವರ ಕಾಲು ಮುಟ್ಟಿದರು.

“ಬುಡಿ ಮೇಷ್ಟ್ರೇ. ಕೊಟ್ಗೇಲಿ ಅಸ ಕಟ್ಟಕ್ಕೆ ರಾಜನ್ ಗಂಟ್ಲು ಯಾಕ್ ಬೇಕು?”

ಬಸ್ಸು ಪಾಂಡವಪುರದ ಹತ್ತಿರ ಬಂದಿತ್ತು. ಮೇಷ್ಟ್ರು ಮೆಲ್ಲಗೆ ಕೇಳಿದರು. “ಗೌಡಂಗೆ ನಾನು ಎಷ್ಟ್ ತಟ್ದೆ ಮಗಾ?”

“ಆರು, ಮೇಷ್ಟ್ರೇ.”

“ಔದಾ...” ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನೋಡಿಕೊಂಡರು, ಕಾಣುವವರ ಹಾಗೆ. “ವಯಸ್ಸಾಯ್ತು. ಬೆರಳೂ ಮಾತ್ ಕೇಳಕ್ಕಿಲ್ಲ.”

ಗೌಡರು ಮಾತು ಉಳಿಸಿಕೊಂಡರು. ಮತ್ತೆ ಬಣ್ಣ ಹಚ್ಚಲಿಲ್ಲ. ಆ ವರ್ಷ ಕಿಕ್ಕೇರಿಯಲ್ಲಿ ನಾಟಕ ನಿಂತುಹೋಯಿತು ಎಂದು ಯಾರೋ ನಮ್ಮ ಜಗುಲಿಯಲ್ಲಿ ಹೇಳುತ್ತಿದ್ದರು. ನಾನು ಒಳಗೆ ಎದ್ದು ಹೋದೆ.

ಎರಡು ವರ್ಷದ ಮೇಲೆ ಮೇಷ್ಟ್ರು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ನಾನು ಆಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದಾಗ ನೋಡಲು ಹೋದೆ. ದಪ್ಪ ಕನ್ನಡಕ ಹಾಕಿಕೊಂಡು ಪೆಟ್ಟಿಗೆ ಒರೆಸುತ್ತಿದ್ದರು.

“ಬಾ ಮಗಾ. ಈಗ್ ಎಲ್ಲಾ ಕಾಣ್ತದೆ. ಮೊನ್ನೆ ಚೀಲ ಕೊಡವ್ದಾಗ ನಾಗಮಂಗ್ಲದ ಅಂಕದ ಆಳೆ ಸಿಕ್ತು. ಕೂತ್ಕಂಡ್ ಪೂರ್ತಿ ಓದ್ದೆ.” ಕನ್ನಡಕ ಸರಿಪಡಿಸಿಕೊಂಡರು. “ನಿನ್ ಅಕ್ಸರ ಮುತ್ತಿನಂಗವೆ.”

ರಬ್ಬರ್ ಮೇಲಿನ ಹಾಳೆಯನ್ನಷ್ಟೇ ಅಳಿಸಿತ್ತು. ಕೆಳಗಿನದರಲ್ಲಿ ಆರರ ಅಡಿಯಲ್ಲಿ ಒಂಬತ್ತು ನೀಲಿಯಾಗಿ ಹಾಗೇ ಉಳಿದಿತ್ತು ಎಂದು ನನಗೆ ಹೊಳೆದದ್ದು ಆಗ. ಕಾಫಿ ತಂದರು. ಕುಡಿದೆ. ನನ್ನ ಓದಿನ ಬಗ್ಗೆ ಕೇಳಿದರು, ಹೇಳಿದೆ. ಹೇಳಬೇಕಾದದ್ದನ್ನು ಮುಂದಿನ ರಜೆಯಲ್ಲಿ ಹೇಳುತ್ತೇನೆ ಎಂದುಕೊಂಡು ಎದ್ದು ಬಂದೆ. ಆ ರಜೆ ಬರುವ ಮೊದಲೇ ಮೇಷ್ಟ್ರು ತೀರಿಕೊಂಡರು.

ಅವತ್ತೇ ಎದ್ದು ನಿಂತು ತಪ್ಪಾಗಿದೆ ಎನ್ನಬಹುದಿತ್ತು ಅವರು. ಅಷ್ಟು ಜನರ ಮುಂದೆ ನನ್ನನ್ನು ನಿಲ್ಲಿಸಬಾರದು ಎಂದೋ, ಶಿಷ್ಯನ ಪರ ನಿಂತರು ಎನಿಸಿಕೊಳ್ಳಬಾರದು ಎಂದೋ... ಗೊತ್ತಿಲ್ಲ. ಗೌಡರಿಗಾದರೂ ಹೇಳಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಆ ದಿನದ ಉಳಿದ ಹತ್ತು ಜನರ ಹಾಡು ನನಗೆ ಒಂದೂ ನೆನಪಿಲ್ಲ. ಎಂಟು ಪಡೆದವನದೂ ಇಲ್ಲ. ಬೆನ್ನು ತಿರುಗಿಸಿ ನಡೆದ ಆ ಎರಡು ಸಾಲು ಮಾತ್ರ ಸ್ನಾನ ಮಾಡುವಾಗ, ಬಸ್ಸಿಗೆ ನಿಂತಾಗ, ಕೇಳದೆ ಬರುತ್ತವೆ.

ಇವತ್ತು ಅಂಕಪಟ್ಟಿ ಮುಗಿಸಿದ ಮೇಲೆ, ಈಗ ತೀರಾ ಮುದುಕರಾಗಿರುವ ಕಿಕ್ಕೇರಿಯ ಗೌಡರಿಗೆ ಒಂದು ಕಾಗದ ಬರೆದೆ. ಮೇಷ್ಟ್ರು ಅವರಿಗೆ ಒಂಬತ್ತು ಕೊಟ್ಟಿದ್ದರು, ಅಳಿಸಿದವಳು ನಾನು ಎಂದು. ನಾಲ್ಕೇ ಸಾಲು. ಬರೆದು ಮುಗಿಸಿ ಕೈ ತೆಗೆದಾಗ ನೋಡಿದೆ, ಅಭ್ಯಾಸಬಲದಿಂದ ಅಡಿಯಲ್ಲಿ ಕಾರ್ಬನ್ ಇಟ್ಟೇ ಬರೆದಿದ್ದೆ.

ಮೇಲಿನದನ್ನು ಮಡಿಸಿ ಲಕೋಟೆಗೆ ಹಾಕಿದೆ. ಕೆಳಗಿನ ಪ್ರತಿ ಮೇಜಿನ ಮೇಲಿದೆ. ಅದು ಮೇಷ್ಟ್ರದು.